ಬ್ಯಾಟರಿ ಇಲ್ಲದ ಕಾರಿಗೆ ಐದು, ಕಾರಿಲ್ಲದ ಬ್ಯಾಟರಿಗೆ ಹದಿನೆಂಟು

ನಿಮ್ಮ ಎಲೆಕ್ಟ್ರಿಕ್ ಕಾರಿಗೆ ಎಂಟು ವರ್ಷ ತುಂಬಿತೇ? ಹಾಗಿದ್ದರೆ ನಿಮ್ಮ ಪರಿಸರಪ್ರೇಮದ ಪರೀಕ್ಷೆ ಈಗ ಶುರು. ಚಕ್ರದಡಿ ನಿಂಬೆಹಣ್ಣಿಟ್ಟು, ಹಸಿರು ನಂಬರ್ ಪ್ಲೇಟಿನ ಪಕ್ಕ ನಿಂತು ಫೋಟೊ ತೆಗೆಸಿಕೊಂಡದ್ದು ಬರೀ ಅಡ್ಮಿಷನ್.

ಬ್ಯಾಟರಿಯ ವಾರಂಟಿ ಸಾಮಾನ್ಯವಾಗಿ 8 ವರ್ಷ ಇಲ್ಲವೇ 1,60,000 ಕಿಲೋಮೀಟರು, ಯಾವುದು ಮೊದಲೋ ಅದು. ಆಮೇಲೆ, ಒಂದೇ ಉಸಿರಿಗೆ ಮೈಸೂರು ಮುಟ್ಟುತ್ತಿದ್ದ ಗಾಡಿಗೆ ದಾರಿಯಲ್ಲಿ ಚಾರ್ಜರ್ ಹುಡುಕುವ ಚಟ ಹತ್ತುತ್ತದೆ. ಮದ್ದೂರಿನಲ್ಲಿ ಇಳಿದು ವಡೆ ತಿನ್ನುವುದು ನಿಮಗೆ ಕಡ್ಡಾಯವಾಗುತ್ತದೆ. ಸರ್ವೀಸ್ ಸೆಂಟರಿಗೆ ಹೋಗುತ್ತೀರಿ.

‘ಕೆಲವು ಸೆಲ್ ವೀಕ್ ಆಗಿವೆ ಸರ್. ಪ್ಯಾಕೇ ಬದಲಾಯಿಸಬೇಕು.’

‘ಆ ಕೆಲವನ್ನೇ ಬದಲಾಯಿಸೋಕಾಗಲ್ವಾ?’

‘ಪಾಲಿಸಿ ಇಲ್ಲ ಸರ್.’

ಎಸ್ಟಿಮೇಟ್ ಕಾಗದ ಕೈಗೆ ಬರುತ್ತದೆ. ಓದಿ ಮುಗಿಸುವಷ್ಟರಲ್ಲಿ ಪಕ್ಕದ ಶೋರೂಮಿನ ಹುಡುಗ ಒಂದು ಕೈಯಲ್ಲಿ ತಣ್ಣೀರು, ಇನ್ನೊಂದು ಕೈಯಲ್ಲಿ ಇಎಂಐ ಪಟ್ಟಿ ಹಿಡಿದು ನಿಂತಿರುತ್ತಾನೆ. ‘ಈ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿದ್ರೆ ಹೊಸದೇ ಬರುತ್ತಲ್ಲ ಸರ್!’ ಮೂಗಿಗಿಂತ ಮೂಗುತಿ ಭಾರ ಎಂದು ನಮ್ಮ ಹಿರಿಯರು ಹೇಳಿ ಸುಮ್ಮನಾದರು. ಮೂಗುತಿ ಭಾರವಾದರೆ ಮೂಗನ್ನೇ ಎಕ್ಸ್‌ಚೇಂಜಿಗೆ ಹಾಕಿ ಎಂಬ ವ್ಯಾಪಾರ ಅವರಿಗೆ ಹೊಳೆದಿರಲಿಲ್ಲ.

ಬೆಂಗಳೂರಿಗೆ ಈ ಕಥೆ ಹೊಸದಲ್ಲ. 2001ರಲ್ಲಿ ಬೊಮ್ಮಸಂದ್ರದ ಪುಟ್ಟ ಎಲೆಕ್ಟ್ರಿಕ್ ಕಾರು ರೇವಾ ರಸ್ತೆಗಿಳಿಯಿತು. ಸೀಟಿನಡಿ ಎಂಟು ಲೆಡ್ ಆಸಿಡ್ ಬ್ಯಾಟರಿ. ಅವುಗಳ ಆಯಸ್ಸೂ ಅಷ್ಟಕ್ಕಷ್ಟೆ, ಕಾರಿನ ವೇಗವೂ ಅಷ್ಟಕ್ಕಷ್ಟೆ. ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಾಡಿ ಸಾಕಷ್ಟು ಗೇಲಿಯನ್ನೂ ತಿಂದಿತು. ಆದರೆ ಬ್ಯಾಟರಿ ಸತ್ತಾಗ ಕಾರಿನ ತಿಥಿ ಮಾಡಬೇಕಿರಲಿಲ್ಲ. ಹಳೆಯದನ್ನು ತೂಕಕ್ಕೆ ಹಾಕಿ ಹೊಸದನ್ನು ಕೂರಿಸಬಹುದಿತ್ತು. 2010ರಲ್ಲಿ ಕಂಪನಿ ಮಹೀಂದ್ರ ತೆಕ್ಕೆಗೆ ಹೋಯಿತು, 2013ರಲ್ಲಿ ಲಿಥಿಯಂ ಹೊತ್ತ ಇ2ಒ ಬಂತು, 2019ರ ಹೊತ್ತಿಗೆ ಅದರ ತಯಾರಿಕೆಯೂ ನಿಂತಿತು. ಗೇಲಿಗೆ ಸಿಕ್ಕ ಕಾರಿನಲ್ಲಿ ಬ್ಯಾಟರಿ ಬಿಚ್ಚಬಹುದಿತ್ತು. ಹೊಗಳಿಕೆಗೆ ಸಿಗುವ ಕಾರಿನಲ್ಲಿ ಅದು ನೆಲದಡಿಯ ಸೀಲ್ ಮಾಡಿದ ಪೆಟ್ಟಿಗೆ. ಕಂಪನಿಯ ಲ್ಯಾಪ್‌ಟಾಪ್ ಅಪ್ಪಣೆ ಕೊಡದೆ ಎಚ್ಚರಗೊಳ್ಳುವುದಿಲ್ಲ.

ಇನ್ನು ನಮ್ಮ ತೆರಿಗೆಯ ವಿವೇಕ. ಹೊಸ ಎಲೆಕ್ಟ್ರಿಕ್ ಕಾರಿಗೆ 2019ರ ಆಗಸ್ಟಿನಿಂದ ಜಿಎಸ್‌ಟಿ ಶೇ 5. ಬ್ಯಾಟರಿ ಕೂರಿಸದ ಕಾರಿಗೂ ಶೇ 5ರ ರಿಯಾಯಿತಿಯೇ ಅನ್ವಯ ಎಂದು 2022ರಲ್ಲಿ ಸ್ಪಷ್ಟನೆಯೂ ಬಂತು. ಬ್ಯಾಟರಿಯನ್ನಷ್ಟೇ ಕೊಂಡರೆ? ಶೇ 18. ಹಳೆ ಎಲೆಕ್ಟ್ರಿಕ್ ಕಾರು ಮಾರುವ ವ್ಯಾಪಾರಿಯ ಲಾಭದ ಮೇಲೂ 2025ರಿಂದ ಶೇ 18. ಅಂದರೆ, ಇರುವುದನ್ನೇ ರಿಪೇರಿ ಮಾಡಿ ಓಡಿಸುವವನು ಐಷಾರಾಮಿ. ಎಂಟು ವರ್ಷಕ್ಕೊಂದು ಕಾರು ಬಿಸಾಕುವವನು ಭೂಮಿತಾಯಿಯ ಹಿರಿಮಗ.

ಬ್ಯಾಟರಿ ನಿಜಕ್ಕೂ ಅಷ್ಟು ದುಬಾರಿಯೇ? ಬ್ಲೂಮ್‌ಬರ್ಗ್‌ಎನ್‌ಇಎಫ್ ಎಂಬ ಸಂಶೋಧನಾ ಸಂಸ್ಥೆಯ ಲೆಕ್ಕದಲ್ಲಿ 2024ರ ಜಾಗತಿಕ ಸರಾಸರಿ, ಪ್ರತಿ ಕಿಲೋವ್ಯಾಟ್ ಅವರ್‌ಗೆ 115 ಡಾಲರ್. 2020ರ ಟಾಟಾ ನೆಕ್ಸಾನ್ ಇವಿಯಲ್ಲಿದ್ದಂಥ 30ರ ಪ್ಯಾಕಿಗೆ ಸುಮಾರು ಮೂರು ಲಕ್ಷ ರೂಪಾಯಿ ಎನ್ನಿ. ಇದು ಕಾರ್ಖಾನೆಯ ಬಾಗಿಲಿನ ಮಾತು. ಅಲ್ಲಿಂದ ನಿಮ್ಮ ಕಾರಿನ ಹೊಟ್ಟೆ ಸೇರುವಷ್ಟರಲ್ಲಿ ಅದಕ್ಕೆ ಎಷ್ಟು ಗರಿ ಮೂಡುತ್ತದೆ ಎಂಬುದನ್ನು ಎಸ್ಟಿಮೇಟ್ ಕಾಗದವೇ ಹೇಳಬೇಕು. ಶೋರೂಮಿನ ಹುಡುಗನ ಮಾತಿನಲ್ಲಿ ನಿಜವೂ ಉಂಟು, ಅದೇ ಅವನ ಶಕ್ತಿ: ಅದೇ ನೆಕ್ಸಾನ್ ಈಗ 45ರ ಪ್ಯಾಕಿನೊಂದಿಗೆ ಬರುತ್ತದೆ, ದೂರ ಓಡುತ್ತದೆ. ನಿಮ್ಮ ಹಳೆ ಕಾರಿಗೆ ಅದನ್ನು ಕೂರಿಸಿಕೊಡಿ ಎಂದು ನೋಡಿ. ಹುಡುಗನಿಗೆ ತಕ್ಷಣ ಫೋನ್ ಬರುತ್ತದೆ.

ಬೇರೆ ದಾರಿಯೇ ಇಲ್ಲವೆಂದಲ್ಲ. ಜಪಾನಿನ ನಮಿಯೆ ಪಟ್ಟಣದಲ್ಲಿ ನಿಸ್ಸಾನ್ ಪಾಲುದಾರಿಕೆಯ ಕಾರ್ಖಾನೆಯೊಂದು 2018ರಲ್ಲೇ ಲೀಫ್ ಕಾರುಗಳ ಹಳೆ ಪ್ಯಾಕ್ ಬಿಚ್ಚಿ, ಗಟ್ಟಿ ಮಾಡ್ಯೂಲುಗಳನ್ನು ಹೆಕ್ಕಿ ಜೋಡಿಸಿ, ಹೊಸದರ ಅರ್ಧ ಬೆಲೆಗೆ, 3 ಲಕ್ಷ ಯೆನ್‌ಗೆ, ಕೊಡಲು ಶುರುಮಾಡಿತು. ಫಿನ್‌ಲೆಂಡಿನಲ್ಲಿ ಇನ್ನೊಂದು ದಾರಿ ಕಂಡಿತು. 2013ರ ಟೆಸ್ಲಾ ಇಟ್ಟುಕೊಂಡಿದ್ದವನೊಬ್ಬ, ಬ್ಯಾಟರಿಗೆ 20 ಸಾವಿರ ಯೂರೋಗೂ ಹೆಚ್ಚು ಎಂದು ಕೇಳಿ, 2021ರಲ್ಲಿ ಕಾರಿಗೆ 30 ಕಿಲೋ ಡೈನಮೈಟ್ ಕಟ್ಟಿ ಉಡಾಯಿಸಿಬಿಟ್ಟ. ನಮಿಯೆ ದಾರಿಗೆ ಕಾರ್ಖಾನೆ ಬೇಕು, ಫಿನ್‌ಲೆಂಡ್ ದಾರಿಗೆ ಪರವಾನಗಿ ಬೇಕು. ನಮ್ಮಲ್ಲಿ ಸುಲಭ: ಇಎಂಐ ಫಾರಂಗೆ ಸಹಿ ಸಾಕು.

ಹೊಸದೇ ಬೇಕೆಂದು ಹೊರಟವರಿಗೆ ಒಂದು ಸಲಹೆ. ಎಷ್ಟು ಕಿಲೋಮೀಟರ್ ಓಡುತ್ತದೆ ಎಂದು ಕೇಳಬೇಡಿ, ಅದನ್ನು ಅವರೇ ಮೂರು ಸಲ ಹೇಳುತ್ತಾರೆ. ‘ವಾರಂಟಿ ಮುಗಿದ ಮೇಲೆ ಪ್ಯಾಕಿಗೆ ಎಷ್ಟು? ಕೆಟ್ಟ ಮಾಡ್ಯೂಲನ್ನಷ್ಟೇ ಬದಲಿಸಿ ಕೊಡ್ತೀರಾ? ಬರೆದು ಕೊಡ್ತೀರಾ?’ ಎಂದು ಕೇಳಿ. ಅವರು ಸನ್‌ರೂಫ್ ತೆರೆದು ತೋರಿಸುತ್ತಾರೆ.