ಅರವತ್ತನಾಲ್ಕು ಮನೆಯ ಹೇಳಿಕೆ

ನಮ್ಮ ಕಡೆ ಮದುವೆ ನಿಶ್ಚಯವಾದರೆ ಛತ್ರಕ್ಕಿಂತ, ಅಡುಗೆಯವರಿಗಿಂತ ಮೊದಲು ತಲೆ ತಿನ್ನುವುದು ಹೇಳಿಕೆಯ ಪಟ್ಟಿ. ಯಾರ ಮನೆಗೆ ಖುದ್ದು ಹೋಗಿ ಹೇಳಬೇಕು, ಯಾರಿಗೆ ಫೋನು ಸಾಕು, ಯಾರಿಗೆ ಕಾಗದ ಕೊಟ್ಟ ಮೇಲೂ ಫೋನು ಮಾಡಬೇಕು ಎನ್ನುವುದೇ ಒಂದು ಶಾಸ್ತ್ರ. ದೊಡ್ಡಪ್ಪ ಕೋಟೇಶ್ವರದ ಮನೆಯ ಜಗಲಿಯ ಒಂದು ತುದಿಯಲ್ಲಿ ಹಳೆಯ ಡೈರಿ ಬಿಡಿಸಿಕೊಂಡು ಮಗಳ ಮದುವೆಗೆ ಆ ಪಟ್ಟಿ ಮಾಡುತ್ತಿದ್ದರು. ಇನ್ನೊಂದು ತುದಿಯಲ್ಲಿ ನಾನು ಲ್ಯಾಪ್‌ಟಾಪ್ ಬಿಡಿಸಿಕೊಂಡು ನನ್ನ ಪಟ್ಟಿ ಮಾಡುತ್ತಿದ್ದೆ. ನನ್ನದು ಸಂಶೋಧನಾ ಲೇಖನದ ಉಲ್ಲೇಖಗಳ ಪಟ್ಟಿ. ಒಟ್ಟು 64.

ಪಂಚಗಂಗಾವಳಿಯ ಕಾಂಡ್ಲಾ ಗಿಡಗಳ ಬುಡದ ಕೆಸರಿನಲ್ಲಿ ಪ್ಲಾಸ್ಟಿಕ್ ಕಣಗಳಿವೆಯೇ ಎಂಬುದು ನನ್ನ ವಿಷಯ. ಇವೆ. ಅಷ್ಟು ಹೇಳಲು ಎರಡು ವರ್ಷ ಮೊಣಕಾಲುದ್ದ ಕೆಸರಿನಲ್ಲಿ ಹೂತಿದ್ದೆ. ಆ ಕೆಸರಿನಿಂದ ಕಾಲು ಕಿತ್ತುಕೊಳ್ಳುವುದು ಸುಲಭ. ಉಲ್ಲೇಖಗಳಿಂದ ಅಲ್ಲ ಎಂದು ಗೊತ್ತಾದದ್ದು ಆಮೇಲೆ. ಮೊದಲ ಪತ್ರಿಕೆಯವರಿಗೆ ಹೆಸರು, ಇಸವಿ ಎರಡೂ ವಾಕ್ಯದ ನಡುವೆ ಕಂಸದಲ್ಲಿ ಬೇಕಿತ್ತು. ಹಾಗೇ ಕೊಟ್ಟೆ, ಅವರು ಲೇಖನವನ್ನೇ ಬೇಡವೆಂದರು. ಎರಡನೆಯವರು ಲೇಖನ ಅಡ್ಡಿಯಿಲ್ಲ, ಆದರೆ ಹೆಸರಿನ ಬದಲು ಅಂಕಿ ಹಾಕಿ, ಮೂರು ದಿನದೊಳಗೆ ಕಳಿಸಿ ಎಂದರು.

ಕಂಸದ ಪದ್ಧತಿಗೆ ಹಾರ್ವರ್ಡ್ ಎಂದು ಹೆಸರು. ಅಲ್ಲಿನ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಲಾರೆನ್ಸ್ ಮಾರ್ಕ್ 1881ರ ತನ್ನ ಪ್ರಬಂಧದಲ್ಲಿ ಅದನ್ನು ಬಳಸಿದ. ಪ್ರಬಂಧ ಯಾವುದರ ಮೇಲೆ? ಮಳೆಗಾಲದಲ್ಲಿ ನಮ್ಮ ಬಚ್ಚಲ ಗೋಡೆ ಹತ್ತುವ ಜಾತಿಯ, ಚಿಪ್ಪಿಲ್ಲದ ಬಸವನಹುಳುವಿನ ಮೇಲೆ. ಉಲ್ಲೇಖದ ಕೆಲಸ ಯಾಕೆ ಆ ವೇಗದಲ್ಲೇ ಸಾಗುತ್ತದೆ ಎಂಬುದು ನನಗೆ ಆಗ ಹೊಳೆಯಿತು. ಅಂಕಿಯ ಪದ್ಧತಿಗೆ ವ್ಯಾಂಕೂವರ್ ಎಂದು ಹೆಸರು. ವೈದ್ಯಕೀಯ ಪತ್ರಿಕೆಗಳ ಕೆಲವು ಸಂಪಾದಕರು 1978ರಲ್ಲಿ ಕೆನಡಾದ ಆ ಊರಿನಲ್ಲಿ ಸೇರಿ, ಪತ್ರಿಕೆಗೊಂದು ಕ್ರಮ ಇರುವುದರಿಂದ ಲೇಖಕರಿಗೆ ಕಷ್ಟ, ಎಲ್ಲರಿಗೂ ಒಂದೇ ಕ್ರಮ ಇರಲಿ ಎಂದು ಮಾತಾಡಿಕೊಂಡರು. ಒಳ್ಳೆಯ ಮನಸ್ಸಿನವರು. ಫಲವಾಗಿ, ಇದ್ದ ಕ್ರಮಗಳ ಜೊತೆಗೆ ಇನ್ನೂ ಒಂದು ಸೇರಿತು.

ಒಂದು ಉಲ್ಲೇಖವನ್ನು ಹತ್ತಿರದಿಂದ ನೋಡಿ. ಕೆಸರಿನ ಕಣ ಪ್ಲಾಸ್ಟಿಕ್ಕೇ ಹೌದೇ ಎಂದು ತಿಳಿಯಲು ರಾಮನ್ ಪರಿಣಾಮದ ಯಂತ್ರ ಬೇಕು. ಹಾಗಾಗಿ ಭಕ್ತಿಯಿಂದ ರಾಮನ್ ಮತ್ತು ಕೃಷ್ಣನ್ ಅವರ 1928ರ ಟಿಪ್ಪಣಿಯನ್ನೇ ಉಲ್ಲೇಖಿಸಿದ್ದೆ: ನೇಚರ್ ಪತ್ರಿಕೆ, ಸಂಪುಟ 121, ಪುಟ 501ರಿಂದ 502. ಮೊದಲ ಪತ್ರಿಕೆಗೆ ಹೆಸರಿನ ಬೆನ್ನಿಗೇ ಇಸವಿ ಅಂಟಬೇಕು. ಎರಡನೆಯದಕ್ಕೆ ಇಸವಿ ಪತ್ರಿಕೆಯ ಹೆಸರಿನ ಆಚೆ ಹೋಗಿ ನಿಲ್ಲಬೇಕು, ಅಲ್ಲೊಂದು ಅರ್ಧವಿರಾಮ, ಸಂಪುಟ, ಜೋಡಿ ಚುಕ್ಕಿ, ಆಮೇಲೆ ಪುಟ. ಪುಟವೂ 501–502 ಅಲ್ಲ, 501–2. ಮೊದಲೆರಡು ಅಂಕಿ ಒಮ್ಮೆ ಹೇಳಿಯಾಗಿದೆ, ಮತ್ತೆ ಹೇಳುವುದು ದಂಡವಂತೆ. ನೊಬೆಲ್ ತಂದುಕೊಟ್ಟ ಬೆಳಕಿಗಾಗಿ ನಾನು ಐವತ್ತನ್ನು ಅಳಿಸಿದೆ.

“ಎಂತ ಮಾಣಿ, ಊಟಕ್ಕ್ ಏಳುದಿಲ್ಯಾ?” ದೊಡ್ಡಪ್ಪ ಕೇಳಿದರು.

“ಚುಕ್ಕಿ ತೆಗೀತಾ ಇದ್ದೆ ದೊಡ್ಡಪ್ಪ.”

“ಒಂದ್ ಚುಕ್ಕಿ ಹೆಚ್ಚಾದ್ರೆ ಎಂತ ಆತ್ತ್?”

ಏನಾಗುತ್ತದೆ ಎಂದು ನನಗೂ ಗೊತ್ತಿರಲಿಲ್ಲ.

ಉಲ್ಲೇಖ ಜೋಡಿಸುವ ತಂತ್ರಾಂಶ ಇದೆಯಲ್ಲ ಎನ್ನುವವರಿದ್ದಾರೆ. ಇದೆ. ಅದಕ್ಕೆ ನಮ್ಮ ಹೆಸರುಗಳು ಅರ್ಥವಾಗುವುದಿಲ್ಲ, ಅಷ್ಟೇ. ಕೊನೆಯಲ್ಲಿರುವುದು ಮನೆತನದ ಹೆಸರು, ಉಳಿದದ್ದನ್ನು ಒಂದೊಂದು ಅಕ್ಷರಕ್ಕೆ ಕತ್ತರಿಸು ಎಂಬುದು ಅದಕ್ಕೆ ಗೊತ್ತಿರುವ ಒಂದೇ ವಿದ್ಯೆ. ಮೊಗೇರಿ ಎಂಬ ಊರು ಅಡಿಗರ ಹೆಸರಿನ ಮುಂದೆ ‘ಎಂ’ ಆಗಿ, ಕೋಟ ಎಂಬ ಊರು ಕಾರಂತರ ಮುಂದೆ ‘ಕೆ’ ಆಗಿ ನಿಂತದ್ದು ನಾವೇ ಮಾಡಿಕೊಂಡದ್ದು, ಅದಿರಲಿ. ನನ್ನ ಹೆಸರಿನಲ್ಲಿ ಮೊದಲು ಊರು, ಆಮೇಲೆ ಅಪ್ಪ, ಕೊನೆಗೆ ನಾನು. ತಂತ್ರಾಂಶ ನನ್ನನ್ನೇ ಮನೆತನ ಮಾಡಿ, ಅಪ್ಪನನ್ನು ಒಂದಕ್ಷರ ಮಾಡಿ, ಊರನ್ನು ‘ಕೆ’ ಮಾಡಿತು. ಕೋಟಿಲಿಂಗೇಶ್ವರ, ಕೋಟಿತೀರ್ಥದ ಕೆರೆ, ದೊಡ್ಡ ರಥ, ಕೊಡಿ ಹಬ್ಬದ ದಿನ ಹೊಸ ಜೋಡಿಗಳು ಕೈಯಲ್ಲಿ ಹಿಡಿದು ಹೋಗುವ ಕಬ್ಬಿನ ಕೊಡಿ, ಎಲ್ಲ ಸೇರಿ ಒಂದು ‘ಕೆ’. ಕುಂದಾಪುರವೂ ಕೆ, ಕುಂಭಾಶಿಯೂ ಕೆ, ಕಾಳಾವರವೂ ಕೆ. ಇನ್ನು ಪಟ್ಟಿಯಲ್ಲಿ ‘ಭಟ್ ಎಸ್.’ ಎಂಬವರು ಐವರಿದ್ದರು. ಅವರಲ್ಲಿ ಯಾರು ಯಾರೆಂದು ಭಟ್ಟರೇ ಹೇಳಬೇಕು.

ದೊಡ್ಡಪ್ಪನಿಗೆ ಈ ತೊಂದರೆಯೇ ಇಲ್ಲ. ಅವರ ಡೈರಿಯಲ್ಲಿ ಒಬ್ಬರಾದರೂ ಬರೀ ಹೆಸರಿನಿಂದ ಇರಲಿಲ್ಲ. ‘ತೆಕ್ಕಟ್ಟೆ, ಹೊಳೆಬದಿ ಮನೆ, ದೊಡ್ಡ ಮಗ (ಮೊದಲು ಬೊಂಬಾಯಿ ಹೋಟೆಲು)’ ಎಂದಿತ್ತು ಒಂದು ಕಡೆ. ಊರು, ಮನೆ, ವ್ಯಕ್ತಿ, ಕಂಸದಲ್ಲಿ ಹಳೆಯ ವಿಳಾಸ. ಯಾವ ಸಂಪಾದಕನೂ ಇದಕ್ಕಿಂತ ಹೆಚ್ಚು ಕೇಳಲಾರ. ಕೆಲವು ಸಾಲುಗಳ ಮುಂದೆ ‘ಬಾಗಿಲು ಹಾಕಿದೆ’ ಎಂದಿತ್ತು. ಹಾಗಾದರೆ ಯಾಕೆ ಬರೆದದ್ದು ಎಂದೆ. “ಹೆಸ್ರ್ ಇರ್ಲಿ ಮಾರಾಯ. ಬರೀದಿದ್ರೆ ಅಲ್ಲೊಂದ್ ಮನೆ ಇದ್ದದ್ದೇ ಗೊತ್ತಾಪುದಿಲ್ಲ” ಎಂದರು.

ನನಗೆ ಕವಿರಾಜಮಾರ್ಗ ನೆನಪಾಯಿತು. ಒಂಬತ್ತನೆಯ ಶತಮಾನದ ಆ ಕೃತಿ ತನಗಿಂತ ಹಿಂದಿನ ಕನ್ನಡ ಬರಹಗಾರರೆಂದು ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತರನ್ನು ಹೆಸರಿಸುತ್ತದೆ. ಅವರ ಕನ್ನಡ ಗ್ರಂಥಗಳು ಒಂದೂ ನಮ್ಮ ಕೈಗೆ ಬಂದಿಲ್ಲ. ಇಸವಿ ಇಲ್ಲ, ಪುಟ ಇಲ್ಲ. ವಿಮಳ, ಉದಯ ಇಬ್ಬರೋ ಒಬ್ಬರೋ ಎಂಬುದಕ್ಕೂ ಅಲ್ಲಿ ಅಲ್ಪವಿರಾಮವಿಲ್ಲ. ನಮ್ಮ ಪತ್ರಿಕೆಯವರಾಗಿದ್ದರೆ ‘ಪರಿಶೀಲಿಸಲಾಗುತ್ತಿಲ್ಲ, ತೆಗೆದುಹಾಕಿ’ ಎನ್ನುತ್ತಿದ್ದರು. ಬಾಗಿಲು ಹಾಕಿದ ಮನೆಗೂ ಹೇಳಿಕೆ ಬರೆದಿಟ್ಟವನೊಬ್ಬ ಇದ್ದನಾಗಿ ಅವರು ಉಳಿದರು.

ಈ ಗೌರವಭಾವ ರಾತ್ರಿಯವರೆಗೆ ಬಾಳಲಿಲ್ಲ. ಲೇಖನ ಪರೀಕ್ಷಿಸಿದವರೊಬ್ಬರು ಮೂರು ಪ್ರಬಂಧ ಸೇರಿಸಿದರೆ ಒಳ್ಳೆಯದೆಂದು ಸೂಚಿಸಿದ್ದರು. ಮೂರರಲ್ಲೂ ಒಂದೇ ಹೆಸರು ಇತ್ತು. ಯಾರದೆಂದು ಊಹಿಸಲು ಸಂಶೋಧನೆ ಬೇಕಿರಲಿಲ್ಲ. ಹೇಳಿಕೆ ಕೇಳಿ ಪಡೆಯುವ ನೆಂಟರು ಎಲ್ಲ ಕಡೆ ಇರುತ್ತಾರೆ. ಏಳನೆಯ ಸ್ಥಾನದಲ್ಲಿ ಅವರನ್ನು ಕೂರಿಸಿದೆ. ಹಿಂದಿದ್ದ ಐವತ್ತೆಂಟು ಜನ ಎಲೆ ಬಿಟ್ಟೆದ್ದು ಮೂರು ಮೂರು ಎಲೆ ಆಚೆ ಸರಿದರು. ಇನ್ನುಳಿದದ್ದು ಕೊನೆಯ ನಿಯಮ. ಲೇಖಕರು ಆರಕ್ಕಿಂತ ಹೆಚ್ಚಿದ್ದರೆ ಮೊದಲ ಆರು ಹೆಸರು ಕೊಟ್ಟು, ಮುಂದೆ ‘ಮತ್ತಿತರರು’ ಎನ್ನಬೇಕು. ಒಂದು ಪ್ರಬಂಧಕ್ಕೆ ಹನ್ನೊಂದು ಜನ. ಅವರಲ್ಲಿ ಏಳನೆಯವನೂ ನನ್ನಂತೆ ಎಲ್ಲೋ ಕೆಸರಿನಲ್ಲಿ ಹೂತವನಿರಬಹುದು. ನಿದ್ದೆ ಬರುತ್ತಿತ್ತು. ನಿರ್ದಾಕ್ಷಿಣ್ಯವಾಗಿ ಒರೆಸಿ ಕಳಿಸಿದೆ.

ವಾರದ ನಂತರ ಪ್ರೆಸ್ಸಿನಿಂದ ಹೇಳಿಕೆ ಕಾಗದದ ಕರಡು ಬಂತು. ತಿದ್ದುವುದು ನಾನೇ, ಚುಕ್ಕಿ ಕಾಣುವ ಕಣ್ಣು ಮನೆಯಲ್ಲಿ ನನ್ನದೊಂದೇ ಎಂದು ಅಷ್ಟರಲ್ಲಿ ಊರಿಗೇ ಗೊತ್ತಾಗಿತ್ತು. ಕೆಳಗೆ ‘ನಿಮ್ಮ ಸುಖಾಗಮನ ಬಯಸುವ’ ಎಂದು ದೊಡ್ಡಪ್ಪ, ದೊಡ್ಡಮ್ಮ, ಮಕ್ಕಳು, ಅಳಿಯ. ಎಣಿಸಿದೆ, ಆರು. ನನ್ನ ಹೆಸರಿರಲಿಲ್ಲ.

“ಜಾಗ ಸಾಕಾಯ್ಲ ಮಾಣಿ” ಎಂದರು ದೊಡ್ಡಪ್ಪ, ನನ್ನ ಮುಖ ನೋಡದೆ. “ನೀನ್ ಅದ್ರಲ್ಲ್ ಇದ್ದೆ ಕಾಣ್.”

ಅವರ ಬೆರಳು ಕೊನೆಯ ಸಾಲಿನ ಮೇಲಿತ್ತು: ಹಾಗೂ ಬಂಧುಮಿತ್ರರು.