ಡಿಸ್ಟಿಂಕ್ಟಪ್ಪ

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆಯ ಸಾಫ್ಟ್‌ವೇರ್ ಕಚೇರಿಗಳಲ್ಲಿ ಇವನನ್ನು ಹುಡುಕಿಕೊಂಡು ಹೋಗಬೇಕಿಲ್ಲ. ತಂಡಕ್ಕೊಬ್ಬ ಇದ್ದೇ ಇರುತ್ತಾನೆ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಗೆ ಒಂದು ಸುತ್ತು, ಆಮೇಲೆ ಬೆಣ್ಣೆ ಹಾಕಿದ ದೋಸೆ, ಹತ್ತಕ್ಕೆ ಕಂಪ್ಯೂಟರಿನ ಮುಂದೆ. “ಸಾರ್, ಒಂದೇ ಹೆಸರು ಐದಾರು ಸಲ ಬರ್ತಿದೆ” ಎಂದು ಹೊಸ ಹುಡುಗಿ ಬಂದರೆ ಕ್ವೆರಿ ಕಡೆ ಕಣ್ಣೂ ಹಾಯಿಸುವುದಿಲ್ಲ. “ಸೆಲೆಕ್ಟ್ ಪಕ್ಕ ಒಂದು ಡಿಸ್ಟಿಂಕ್ಟ್ ಹಾಕಮ್ಮ.” ದಸರೆಗೆ ವಾರವಿರುವಾಗ ಗುಂಡಿ ಮುಚ್ಚದೆ ಡಿವೈಡರಿಗೆ ಬಣ್ಣ ಬಳಿಯುತ್ತಾರಲ್ಲ, ಅದೇ ವಿದ್ಯೆ.

ಹುಡುಗಿ ಅಭ್ಯಾಸಕ್ಕೆಂದು ಎರಡು ಟೇಬಲ್ ಮಾಡಿದ್ದಳು. ಒಂದರಲ್ಲಿ ಮೈಸೂರಿನ ಅರಸರು, ಇನ್ನೊಂದರಲ್ಲಿ ಅವರವರ ಕಾಲದಲ್ಲಾದ ಕೆಲಸಗಳು. ಜಾಯಿನ್ ಮಾಡಿದರೆ ನಾಲ್ವಡಿಯವರು ಕನ್ನಂಬಾಡಿ ಕಟ್ಟೆಗೊಮ್ಮೆ, 1915ರ ಸಾಹಿತ್ಯ ಪರಿಷತ್ತಿಗೊಮ್ಮೆ, 1916ರ ವಿಶ್ವವಿದ್ಯಾನಿಲಯಕ್ಕೊಮ್ಮೆ ದರ್ಶನ ಕೊಟ್ಟರು. ಅವರು ಮಾಡಿದ್ದೇ ಅಷ್ಟಿರುವಾಗ ಜಾಯಿನ್ ಪಾಪ ಏನು ಮಾಡೀತು?

ಡಿಸ್ಟಿಂಕ್ಟ್ ಬಿತ್ತು. ಒಂದು ಸಾಲೂ ಕದಲಲಿಲ್ಲ. ಒಂದೇ ತರದ ಸಾಲುಗಳಲ್ಲಿ ಒಂದನ್ನಷ್ಟೇ ಉಳಿಸುವ ಅದು ನೋಡುವುದು ಇಡೀ ಸಾಲನ್ನು; ಕೆಲಸ ಬೇರೆಯಾದರೆ ಸಾಲೂ ಬೇರೆ.

“ಕೆಲಸದ ಕಾಲಂ ತೆಗಿ. ಎಷ್ಟನೆಯವರು ಅನ್ನೋದನ್ನೂ ತೆಗಿ. ಹೆಸರು ಸಾಕು.”

ತೆಗೆದಳು. ದೊಡ್ಡ, ಇಮ್ಮಡಿ, ಮುಮ್ಮಡಿ, ನಾಲ್ವಡಿ ನಾಲ್ವರೂ ಕರಗಿ ಒಬ್ಬರೇ ಕೃಷ್ಣರಾಜ ಒಡೆಯರು ಉಳಿದರು. ಈ ಲೆಕ್ಕದಲ್ಲಿ 1868ರಲ್ಲಿ ತೀರಿಕೊಂಡ ಮುಮ್ಮಡಿಯವರೇ ಎದ್ದು ಬಂದು 1911ರಲ್ಲಿ ಕಟ್ಟೆ ಕೆಲಸ ಶುರು ಮಾಡಿಸಬೇಕು. “ನೋಡು, ಎಷ್ಟು ನೀಟಾಯ್ತು!”

“ಕೆಲಸ ಮಾಡಿಸಿದ ಅರಸರು ಯಾರು ಅಂತಷ್ಟೇ ಬೇಕಿದ್ದರೆ ಜಾಯಿನ್ನೇ ಯಾಕೆ ಸಾರ್? ಎಕ್ಸಿಸ್ಟ್ಸ್ ಸಾಕಲ್ಲ. ಎಣಿಕೆ ಬೇಕಿದ್ದರೆ ಐಡಿ ಇಟ್ಟು ಗ್ರೂಪ್ ಬೈ.”

“ಅದೆಲ್ಲ ಥಿಯರಿ ಕಣಮ್ಮ.”

ಥಿಯರಿಯ ಮಾತಿಗೆ ಬಂದರೆ, 1970ರಲ್ಲಿ ಡೇಟಾಬೇಸಿಗೆ ರಿಲೇಷನಲ್ ಮಾದರಿ ಕೊಟ್ಟ ಕಾಡ್ ಸಾಹೇಬರು ಹೇಳಿದ ರಿಲೇಷನ್ನಿನಲ್ಲಿ ಒಂದೇ ಸಾಲು ಎರಡು ಸಲ ಬರುವ ಹಾಗೇ ಇರಲಿಲ್ಲ. ಆಮೇಲೆ ಬಂದ ಎಸ್‌ಕ್ಯೂಎಲ್ ಅಷ್ಟು ಮಡಿಯದಲ್ಲ. ನಮ್ಮ ಡಿಸ್ಟಿಂಕ್ಟಪ್ಪನಿಗೆ ಅನ್ನ ಹುಟ್ಟುವುದೂ ಅದರಿಂದಲೇ.

ತಂಗಿಯ ಮದುವೆ ಪಟ್ಟಿಯನ್ನೂ ಹೀಗೇ ಮಾಡಿದ. ನೆಂಟರ ಟೇಬಲ್ಲಿಗೆ ಫೋನ್ ಟೇಬಲ್ ಜಾಯಿನ್. ಎರಡು ಸಿಮ್ಮಿನವರೆಲ್ಲ ಎರಡೆರಡು ಸಲ ಬಂದರು. ಹೆಸರು, ವಿಳಾಸ ಇಟ್ಟುಕೊಂಡು ಡಿಸ್ಟಿಂಕ್ಟ್ ಒತ್ತಿದ. ನಂಜನಗೂಡಿನ ದೊಡ್ಡಪ್ಪನ ಕೂಡುಕುಟುಂಬದಲ್ಲಿ ತಾತನ ಹೆಸರಿಟ್ಟುಕೊಂಡ ಮೊಮ್ಮಕ್ಕಳು ಇಬ್ಬರು. ಹೆಸರೂ ಅದೇ, ಮನೆಯೂ ಅದೇ. ಹೋದದ್ದು ಒಂದೇ ಪತ್ರಿಕೆ.

ಇಬ್ಬರೂ ಸಂಸಾರ ಸಮೇತ ಬಂದರು. ಕರೆಯದೆ ಬಿಟ್ಟದ್ದು ಯಾರನ್ನು ಎಂದು ಗೊತ್ತಾಗದೆ ಇಬ್ಬರೂ ಮುಖ ಊದಿಸಿಕೊಂಡೇ ಉಂಡರು. ಅಡುಗೆ ಭಟ್ಟರು ಎಲೆ ಎಣಿಸಿ ಬಿಲ್ಲು ಕೊಟ್ಟರು.