ಮಗ್ಗಿ ಯಾವ ಮೀಡಿಯಮ್ಮು?

ನನ್ನ ಸಹಪಾಠಿಯೊಬ್ಬನಿದ್ದಾನೆ. "ನಾನು ಯೋಚನೆ ಮಾಡೋದೇ ಇಂಗ್ಲಿಷಲ್ಲಿ ಕಣೋ" ಎನ್ನುವಾಗ ಅವನ ಮುಖದಲ್ಲಿ ಸೈಟು ರಿಜಿಸ್ಟರ್ ಮಾಡಿಸಿಕೊಂಡು ಬಂದವನ ಕಳೆ. ಆ ಮಾತನ್ನು ಮಾತ್ರ ಅಚ್ಚ ಕನ್ನಡದಲ್ಲೇ ಹೇಳುತ್ತಾನೆ, ಪಾಪ.

ಅವನು ಕಾನ್ವೆಂಟಿನವನು, ನಾನು ಊರ ಸರ್ಕಾರಿ ಶಾಲೆಯವನು. ಪಿಯುಸಿಯಲ್ಲಿ ಇಬ್ಬರೂ ಒಂದೇ ಬೆಂಚಿಗೆ ಬಿದ್ದೆವು. ಲೆಕ್ಚರರು ವೆಲಾಸಿಟಿ, ಆಕ್ಸಲರೇಷನ್ ಎಂದು ಬೋರ್ಡಿನ ತುಂಬ ಓಡುತ್ತಿದ್ದರೆ, ನಾನು ಹೈಸ್ಕೂಲಿನ ವೇಗ, ವೇಗೋತ್ಕರ್ಷಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಅವರ ಹಿಂದೆ ಏದುಸಿರು ಬಿಡುತ್ತಿದ್ದೆ. ನನಗೆ ವಿಷಯ ಗೊತ್ತಿತ್ತು, ಅದರ ಇಂಗ್ಲಿಷ್ ಹೆಸರು ಗೊತ್ತಿರಲಿಲ್ಲ. ಅವನಿಗೆ ಹೆಸರುಗಳೆಲ್ಲ ಗೊತ್ತಿದ್ದವು. ವಿಷಯ ಗೊತ್ತಿತ್ತೋ ಇಲ್ಲವೋ, ಅವನೇ ಹೇಳಬೇಕು. ಕೇಳಿದರೆ ಕಾಫಿಯ ಬಿಲ್ಲು ನನ್ನ ಕಡೆ ತಳ್ಳುತ್ತಾನೆ.

ಈಚೆಗೆ ಅವನಿಗೆ ವ್ಹಾರ್ಫ್ ಎಂಬ ಅಮೆರಿಕದ ಪಂಡಿತ ಮೈಮೇಲೆ ಬಂದಿದ್ದಾನೆ. ಬೆಂಜಮಿನ್ ಲೀ ವ್ಹಾರ್ಫ್ ಹೊಟ್ಟೆಪಾಡಿಗೆ ಬೆಂಕಿ ವಿಮೆ ಕಂಪನಿಯಲ್ಲಿ ಇನ್‌ಸ್ಪೆಕ್ಟರ್, ಹುಚ್ಚಿಗೆ ಭಾಷಾಶಾಸ್ತ್ರ. ಭಾಷೆ ಹೇಗೋ ಆಲೋಚನೆ ಹಾಗೆ ಎಂಬುದು ಅವನ ವಾದ. ಹೋಪಿ ಜನರ ಭಾಷೆಯಲ್ಲಿ ನಮ್ಮಂಥ ಕಾಲದ ಕಲ್ಪನೆಯೇ ಇಲ್ಲ ಎಂದುಬಿಟ್ಟ. ಮಲೋಟ್ಕಿ ಎಂಬ ಇನ್ನೊಬ್ಬ ವಿದ್ವಾಂಸ ಹೋಪಿಯವರು ಕಾಲದ ಬಗ್ಗೆ ಆಡುವ ಮಾತುಗಳನ್ನೆಲ್ಲ ಕಲೆಹಾಕಿ, 1983ರಲ್ಲಿ ಆರುನೂರು ಪುಟ ಮೀರಿದ ಪುಸ್ತಕವನ್ನೇ ತಂದ. ಇದನ್ನು ಹೇಳಿದರೆ ನಮ್ಮ ಮಹಾಶಯ, "ಅದು ಬಿಡು, ಆಸ್ಟ್ರೇಲಿಯಾಕ್ಕೆ ಬಾ" ಎನ್ನುತ್ತಾನೆ.

ಹೋದೆವು. ಅಲ್ಲಿ ಕ್ವೀನ್ಸ್‌ಲ್ಯಾಂಡಿನ ಉತ್ತರ ಭಾಗದಲ್ಲಿ ಗೂಗು ಯಿಮಿದಿರ್ ಎಂಬ ಭಾಷೆಯಿದೆ. ಅದನ್ನು ಆಡುವವರು ಎಡ-ಬಲ ಅನ್ನುವುದಿಲ್ಲ, ಎಲ್ಲಕ್ಕೂ ದಿಕ್ಕನ್ನೇ ಹೇಳುತ್ತಾರೆ. ಗೊತ್ತಿಲ್ಲದ ಜಾಗದಲ್ಲಿ ನಿಲ್ಲಿಸಿದರೂ ಉತ್ತರ ಎತ್ತ ಎಂದು ತೋರಿಸುತ್ತಾರಂತೆ. ಸ್ಟೀಫನ್ ಲೆವಿನ್ಸನ್ ಎಂಬ ವಿದ್ವಾಂಸ ಇದನ್ನು ಸವಿವರವಾಗಿ ಬರೆದಿದ್ದಾನೆ. "ಈಗೇನಂತೀಯ?" ಎಂದು ಮಹಾಶಯ ಕುರ್ಚಿಗೆ ಒರಗಿದ.

ಅನ್ನುವುದೇನು, ನನ್ನ ದೊಡ್ಡಪ್ಪ ಇದ್ದರಲ್ಲ! ಮದುವೆಮನೆಯ ಪಂಕ್ತಿಯಲ್ಲಿ ಕೂತರೂ, "ಆ ಎಲೆ ಒಂಚೂರು ಮೂಡಲಕ್ಕೆ ಸರಿಸೋ" ಎನ್ನುತ್ತಿದ್ದರು. ಬಡಗಲ ಬದು, ಪಡುವಲ ಹೊಲ, ತೆಂಕಲ ಕಡೆ ಕಟ್ಟಿದ ಎಮ್ಮೆ: ಅವರ ಬಾಯಲ್ಲಿ ಎಡ-ಬಲ ಬಂದದ್ದು ಎತ್ತಿನ ಜೋಡಿಗೆ ಮಾತ್ರ. ಅದೇ ದೊಡ್ಡಪ್ಪನನ್ನು ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿಸಿದರೆ, ಅಂಡರ್‌ಪಾಸಿನಿಂದ ಮೇಲೆ ಬರುವಷ್ಟರಲ್ಲಿ ಮೂಡಲೂ ಇಲ್ಲ, ಪಡುವಲೂ ಇಲ್ಲ. ಭಾಷೆ ಬಾಯಲ್ಲೇ ಇತ್ತಲ್ಲ, ದಿಕ್ಕು ಎಲ್ಲಿ ಹೋಯಿತು? ದಿಕ್ಕು ಕಲಿಸಿದ್ದು ಹೊಲ ಮಾರಾಯ, ವ್ಯಾಕರಣ ಅಲ್ಲ. ಮಹಾಶಯ ಇನ್ನೊಂದು ವಡೆ ಹೇಳಿದ.

ಅವನ ಕೈಯಲ್ಲಿ ಒಂದು ಒಳ್ಳೆಯ ಎಲೆ ಉಳಿದಿತ್ತು, ಅದನ್ನೂ ಇಳಿಸಿದ. ಷಿಕಾಗೋ ವಿಶ್ವವಿದ್ಯಾಲಯದ ಬೋಅಜ್ ಕೀಸರ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಕಲಿತ ಭಾಷೆಯಲ್ಲಿ ಯೋಚಿಸುವವರು ಲಾಭ-ನಷ್ಟದ ಮಾತಿನ ಮೋಡಿಗೆ ಅಷ್ಟು ಸುಲಭವಾಗಿ ಮರುಳಾಗುವುದಿಲ್ಲ. ತಾಯ್ನುಡಿಯ ಭಾವದ ಬಿಸಿ ಅಲ್ಲಿ ತಟ್ಟದಿರುವುದೇ ಕಾರಣವಿರಬಹುದಂತೆ. ಇದನ್ನು ನಾನು ಒಪ್ಪಿದೆ, ಸಾಕ್ಷಿ ಅವನ ಮನೆಯಲ್ಲೇ ಇದೆ. ಜಗಳಕ್ಕೆ ನಿಂತರೆ ಅವನು ತಣ್ಣಗೆ ಇಂಗ್ಲಿಷಿನಲ್ಲಿ ಪಾಯಿಂಟು ಹಾಕುತ್ತಾನೆ, ಹೆಂಡತಿ ಬಿಸಿಬಿಸಿ ಕನ್ನಡದಲ್ಲಿ ಗೆಲ್ಲುತ್ತಾಳೆ.

ಹೋಟೆಲಿನಿಂದ ಹೊರಟು ಸೊಪ್ಪಿನ ಗಾಡಿಯ ಮುಂದೆ ನಿಂತೆವು. ಕಟ್ಟು ಹದಿನೈದು, ನಾಲ್ಕು ಕಟ್ಟು ಮೆಂತ್ಯ ತೆಗೆದುಕೊಂಡ. ನಾನು ಅವನ ತುಟಿಯನ್ನೇ ನೋಡುತ್ತಿದ್ದೆ. "ಹದಿನೈದ್ ನಾಕ್ಲಿ ಅರವತ್ತು" ಎಂದು ಒಳಗೊಳಗೇ ರಾಗವಾಗಿ ಗುನುಗಿ, ದುಡ್ಡು ಎಣಿಸಿಕೊಟ್ಟ. ಕಾನ್ವೆಂಟಿನ ಟೇಬಲ್ಸು ಏನಾಯಿತೋ ಎಂದರೆ, "ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿ ಮಗ್ಗಿ ಹೇಳಿಸದೆ ಊಟಕ್ಕೆ ಬಿಡ್ತಿರಲಿಲ್ಲ ಕಣೋ" ಎಂದು ನಾಚಿದ. ಇನ್ನು ನಾನು? ಫಿಸಿಕ್ಸಿನ ಸೂತ್ರ ಇವತ್ತಿಗೂ ನೆನಪಾಗುವುದು ಆ ಲೆಕ್ಚರರ ಇಂಗ್ಲಿಷಿನಲ್ಲೇ, ಅವರ ಕೆಮ್ಮಿನ ಸಮೇತ. ಯಾವುದನ್ನು ಯಾರು ಯಾವ ಭಾಷೆಯಲ್ಲಿ ಬಡಿದು ಕಲಿಸಿದರೋ ಅದು ಆ ಭಾಷೆಯಲ್ಲೇ ಕೂತಿದೆ, ಅಷ್ಟೆ.

ಎಲ್ಲ ಕೂಡಿಸಿ ಕಳೆದು ವ್ಹಾರ್ಫನಿಗೆ ನೂರಕ್ಕೆ ಮೂವತ್ತೈದು ಕೊಟ್ಟಿದ್ದೇನೆ. ಪಾಸು. ಮಹಾಶಯ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುತ್ತಾನಂತೆ. ಹಾಕಲಿ, ಶುಲ್ಕ ಎರಡು ಮಸಾಲೆದೋಸೆ.